ಜಗಲಿ ಇರುವ ಬೀದಿ

ಕೆ.ಸಿ. ರೆಡ್ಡಿಯವರ ಹೆಸರಿನ ಮೊದಲ ಅಕ್ಷರ ನಮ್ಮೂರು. ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಯಾರು ಎಂಬ ಪ್ರಶ್ನೆಗೆ ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆಲ್ಲ ಉತ್ತರ ಬಾಯಿಪಾಠ. 'ಕೆ' ಅಂದರೇನು ಎಂದು ಕೇಳಿನೋಡಿ, ಕೋಲಾರ ಅನ್ನುವವರೇ ಹೆಚ್ಚು. ಅವರು ಹುಟ್ಟಿದ್ದು 1902ರ ಮೇ 4ರಂದು. ಅದೇ ವರ್ಷ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ನಮ್ಮ ಪಕ್ಕದ ಕೆಜಿಎಫ್ ಗಣಿಗಳಿಗೆ ಕರೆಂಟು ತಂದರು. 1947ರಲ್ಲಿ ಮೈಸೂರು ಚಲೋ ಚಳವಳಿ ಅರಮನೆಯನ್ನು ಒಪ್ಪಿಸಿದ ಮೇಲೆ, ಅಕ್ಟೋಬರಿನಲ್ಲಿ ಅವರು ಮುಖ್ಯಮಂತ್ರಿಯಾದರು, 1952ರವರೆಗೆ ಇದ್ದರು. ಊರಿಗೆ ಇಷ್ಟು ಚರಿತ್ರೆ ಇದೆ. ಉಳಿದಂತೆ ಆಂಧ್ರದ ಗಡಿಗೆ ಹತ್ತಿರದ ಒಂದು ಹೋಬಳಿ ಕೇಂದ್ರ, ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಕೆಜಿಎಫ್ ಬಸ್ಸಿನಲ್ಲಿ ತಮಿಳು.

ಹೊರಗಿನವರು ಬಂದರೆ ಕೇಳುವ ಮೊದಲ ಪ್ರಶ್ನೆ, "ಅವರ ಮನೆ ಯಾವುದು?" ಕೇಳುವುದರಲ್ಲಿ ತಪ್ಪೇನಿಲ್ಲ. ದೊಡ್ಡವರ ಮನೆ ನೋಡುವ ಆಸೆ ನನಗೂ ಇದೆ. ಕುಪ್ಪಳಿಗೆ ಹೋಗಿ ಕವಿಮನೆಯ ತೊಟ್ಟಿಯಲ್ಲಿ ನಿಂತಿದ್ದೇನೆ, ನಮ್ಮ ಜಿಲ್ಲೆಯದೇ ಆದ ಮಾಸ್ತಿಗೆ ಹೋಗಿದ್ದೇನೆ, ಬೂದಿಕೋಟೆಯಲ್ಲಿ ಹೈದರಾಲಿ ಹುಟ್ಟಿದ ಜಾಗವೆಂದು ತೋರಿಸುವ ಕಡೆಗೂ ಹೋಗಿ ಬಂದಿದ್ದೇನೆ. ಆದರೆ "ಅವರ ಬೀದಿ ಯಾವುದು?" ಎಂದು ಇದುವರೆಗೆ ಒಬ್ಬರೂ ಕೇಳಿದ್ದಿಲ್ಲ. ನನ್ನ ತಕರಾರು ಇರುವುದು ಅಲ್ಲಿ. ಮನೆಯೊಂದನ್ನು ಉಳಿಸಬೇಕೆಂದು ನಮಗೆ ಆಗಾಗ ಅನ್ನಿಸುತ್ತದೆ. ಬೀದಿ ಉಳಿಯಬೇಕು ಎಂದು ಅನ್ನಿಸುವುದೇ ಇಲ್ಲ. ಬೀದಿ ಉಳಿಯದೆ ಮನೆ ಮಾತ್ರ ಹೇಗೆ ಉಳಿಯುತ್ತದೆ ಎಂದು ನನಗೆ ಅರ್ಥವಾಗುವುದಿಲ್ಲ.

ನಾನು ಹುಟ್ಟಿದ ಬೀದಿಯಲ್ಲಿ 11 ಮನೆ. ಕಲ್ಲಿನ ಪಾಯ, ಅದರ ಮೇಲೆ ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ನಾಡಹೆಂಚು. ದುಡ್ಡು ಬಂದ ಮೇಲೆ ಕೆಲವರು ಮಂಗಳೂರು ಹೆಂಚಿಗೆ ಬದಲಾಯಿಸಿದರು. ಕೋಲಾರದ ಕಡೆ ಕಲ್ಲಿಗೆ ಬರವಿಲ್ಲ, ಆದ್ದರಿಂದ ಪ್ರತಿ ಮನೆಯ ಮುಂದೆಯೂ ಚಪ್ಪಡಿ ಹಾಸಿದ ಜಗಲಿ. ಪಕ್ಕದ ಮನೆಯ ಜಗಲಿಗೂ ನಮ್ಮದಕ್ಕೂ ನಡುವೆ ಒಂದು ಹೆಜ್ಜೆಯಷ್ಟೇ ಸಂದು. ಮಾಘ, ಫಾಲ್ಗುಣದಲ್ಲಿ ಇಡೀ ಬೀದಿ ಹುಣಸೆಹಣ್ಣು ಬಿಡಿಸುತ್ತಾ ಕೂತಿರುತ್ತಿತ್ತು. ಬೀಜ ಕಲ್ಲಿಗೆ ಬೀಳುವ ಟಪಟಪ ಸದ್ದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ಮಾವಿನ ವ್ಯಾಪಾರಿಗಳು, ಹುಳು ಸಾಕುವವರಿಗೆ ಮೊಟ್ಟೆ ತರುವವರು, ಕೊನೆಯ ಬಸ್ಸು ತಪ್ಪಿಸಿಕೊಂಡವರು ಜಗಲಿಯಲ್ಲೇ ಮಲಗಿ ಎದ್ದು ಹೋಗುತ್ತಿದ್ದರು.

ಎಲ್ಲರೂ ಕೂರಬಹುದಾದ ಜಗಲಿ ಅದಾಗಿರಲಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ನಮ್ಮ ಅಜ್ಜಿಯ ಕಾಲದಲ್ಲಿ ಹೊಲದ ಕೆಲಸಕ್ಕೆ ಬರುತ್ತಿದ್ದವರು ಬೀದಿಯಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು. ಹಳೆಯ ಮನೆ ಎಂದ ಕೂಡಲೇ ಕಣ್ಣು ಒದ್ದೆ ಮಾಡಿಕೊಳ್ಳುವ ಬರಹಗಳನ್ನು ಓದುವಾಗ ನನಗೆ ಆ ನಿಂತವರ ನೆನಪಾಗುತ್ತದೆ. ಜಗಲಿ ಉಳಿಯಲಿ ಎನ್ನುವಾಗ ಅದೂ ಅದರ ಜೊತೆಗೇ ನೆನಪಿನಲ್ಲಿ ಉಳಿಯಬೇಕಾದ್ದು.

ಮನೆ ಹಾಳಾಗುವುದು ಎಲ್ಲಿಂದ ಎಂದು ಕೇಳಿದರೆ ಹೆಚ್ಚಿನವರು ಮೇಲೆ ನೋಡುತ್ತಾರೆ, ಹೆಂಚು ತೋರಿಸುತ್ತಾರೆ. ನಮ್ಮ ಬೀದಿಯಲ್ಲಿ ಅದು ಶುರುವಾದದ್ದು ಕೆಳಗಿನಿಂದ. ನಾನು ಚಿಕ್ಕವಳಿದ್ದಾಗ ಬೀದಿಯಿಂದ ಜಗಲಿಗೆ 4 ಮೆಟ್ಟಿಲು. ಮಣ್ಣಿನ ಬೀದಿಗೆ ಮೊದಲು ಜಲ್ಲಿ ಬಂತು, ಆಮೇಲೆ ಡಾಂಬರು, ಆಮೇಲೆ ಕಾಂಕ್ರೀಟು. ಪ್ರತಿ ಸಲವೂ ಹಳೆಯದನ್ನು ಅಗೆದು ತೆಗೆಯದೆ ಅದರ ಮೇಲೇ ಹೊಸದು. ಈಗ ಮೆಟ್ಟಿಲು ಒಂದೂವರೆ. ಮೂರನೇ ಮನೆಯವರ ಜಗಲಿ ರಸ್ತೆಯ ಮಟ್ಟಕ್ಕೇ ಬಂದುಬಿಟ್ಟಿದೆ, ಜೋರು ಮಳೆ ಬಂದರೆ ನೀರು ಹೊಸಿಲು ದಾಟುತ್ತದೆ. ಕಲ್ಲಿನ ಪಾಯ ಎತ್ತರವಿದ್ದದ್ದೇ ಮಣ್ಣಿನ ಗೋಡೆಗೆ ನೀರು ತಾಗಬಾರದೆಂದು. ರಸ್ತೆ ಏರಿ ಪಾಯ ಮುಳುಗಿದರೆ ನೀರು ನೇರ ಗೋಡೆಗೆ. ಗೋಡೆ ನೆನೆಯುತ್ತದೆ. ನೆನೆದ ಗೋಡೆಗೆ ಮನೆಯವರು ಗಟ್ಟಿಯಾಗಲಿ ಎಂದು ಸಿಮೆಂಟ್ ಮೆತ್ತಿಸುತ್ತಾರೆ. ಸುಣ್ಣದ ಗಾರೆಯಾದರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಒಳಗೆ ಸಿಕ್ಕಿಹಾಕಿಕೊಂಡ ತೇವಕ್ಕೆ ಮಣ್ಣು ಪುಡಿಯಾಗುತ್ತಾ ಬಂದು, ಒಂದು ದಿನ ಸಿಮೆಂಟು ಹಲಗೆಯಂತೆ ಕಳಚಿ ಬೀಳುತ್ತದೆ. ಆಗ ಎಲ್ಲರೂ ಹೇಳುವುದು ಒಂದೇ ಮಾತು: ಹಳೇ ಮನೆ, ಇನ್ನೆಷ್ಟು ದಿನ ಬಂದೀತು.

ಪಾಪ, ಮನೆಯದು ಏನೂ ತಪ್ಪಿಲ್ಲ. ಅದನ್ನು ಕೆಡಿಸಿದ್ದು ರಸ್ತೆ. ಇನ್ನು ಒಂದೇ ಗೋಡೆಯನ್ನು ಎರಡು ಮನೆಯವರು ಹಂಚಿಕೊಂಡ ಕಡೆ ಒಬ್ಬರು ಕೆಡವಿದರೆ ಇನ್ನೊಬ್ಬರ ತೊಲೆಗೆ ಆಸರೆ ಹೋಗುತ್ತದೆ. ನಮ್ಮ ಬೀದಿಯಲ್ಲಿ ಹಾಗೆ ಒಂದು ಕೆಡವಿದ್ದಕ್ಕೆ ಎರಡು ಬಿದ್ದಿವೆ.

ಒಂದೊಂದೇ ಮನೆಯನ್ನು ಉಳಿಸಲು ಬೇಕಾಗುವುದು ಹಣ, ಹಟ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿಯೇ ಬಿಟ್ಟಿದ್ದರು. ಪತ್ರಿಕೆಗಳಲ್ಲಿ ಗಲಾಟೆಯಾಗಿ ಕೆಲಸ ನಿಂತಿತು. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಕನ್ನಡಿಗರ ದುಡ್ಡು ಯಾಕೆ ಎಂದು ನಮ್ಮ ಕೆಲವು ಸಾಹಿತಿಗಳೇ ವಿರೋಧಿಸಿದರು. ಕೊನೆಗೆ ಸಾರ್ವಜನಿಕ ಹಣದಲ್ಲಿ ಕೊಂಡು, ರಿಪೇರಿ ಮಾಡಿ, 2016ರಲ್ಲಿ ಮ್ಯೂಸಿಯಂ ಮಾಡಿ ತೆರೆದರು. ನನಗೆ ಅದು ಇಷ್ಟವಾದ ಮನೆ. ಆದರೆ ಆರ್.ಕೆ. ನಾರಾಯಣ್ ಎಷ್ಟು ಜನ ಇದ್ದಾರೆ? ಹೆಸರಿಲ್ಲದವರ ಮನೆಗೆ ಯಾವ ಸರಕಾರ ದುಡ್ಡು ಕೊಟ್ಟೀತು? ಇನ್ನೊಂದು ದಾರಿ ಮಣಿಪಾಲದ ವಿಜಯನಾಥ ಶೆಣೈ ಅವರದು. ಕೆಡವಲು ಹೊರಟ ಮನೆಗಳನ್ನು ಅವರು ಕಂಬ, ತೊಲೆ, ಬಾಗಿಲು ಸಮೇತ ಬಿಚ್ಚಿ ತಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ಕಟ್ಟಿದರು. ಕುಕನೂರಿನ ಮಹಲು, ಮುಧೋಳದ ದರ್ಬಾರು, ಹರ್ಕೂರಿನ ಒಳಗಿನ ಮನೆ, ಎಲ್ಲ ಒಂದೇ ಬೇಲಿಯೊಳಗೆ. 2017ರಲ್ಲಿ ತೀರಿಕೊಳ್ಳುವವರೆಗೆ ಅವರು ಮಾಡಿದ ಕೆಲಸಕ್ಕೆ ಕೈಮುಗಿಯಬೇಕು. ಅವರು ತರದಿದ್ದರೆ ಆ ಮರಗಳೆಲ್ಲ ಸೌದೆಯಾಗುತ್ತಿದ್ದವು. ಅಲ್ಲಿ ನಡೆಯುವಾಗ ಮಾತ್ರ ನನಗೆ ಒಂದು ಪ್ರಶ್ನೆ ಬಿಡಲಿಲ್ಲ: ಈ ಮನೆಗಳ ಅಕ್ಕಪಕ್ಕದವರು ಎಲ್ಲಿ?

ನಮ್ಮ ಕಾನೂನೂ ಒಂಟಿ ಕಟ್ಟಡದ ಕಾನೂನೇ. ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಎರಡೂ ಪ್ರಾಚೀನ ಸ್ಮಾರಕಗಳಿಗೆ. ದೇವಸ್ಥಾನ, ಕೋಟೆ, ಸಮಾಧಿ, ಶಾಸನ. 2010ರ ತಿದ್ದುಪಡಿಯ ನಂತರ ಕೇಂದ್ರದ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಈ ಲೆಕ್ಕದಲ್ಲಿ ಸುತ್ತಲಿನ ಮನೆಗಳು ಸ್ಮಾರಕಕ್ಕೆ ಅಡ್ಡ ಬರುವ ವಸ್ತುಗಳು, ಅಷ್ಟೇ. ಅವಕ್ಕೂ ಒಂದು ವಯಸ್ಸು, ಒಂದು ರೂಪ ಇರಬಹುದೆಂಬ ಮಾತಿಲ್ಲ. ಈ ನೋಟ ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2011ರ ಜುಲೈಯಲ್ಲಿ ಹಂಪಿ ಬಜಾರಿನಲ್ಲಿ ನೋಡಿದೆವು. ಸಾಲು ಮಂಟಪಗಳಲ್ಲಿ ಹೋಟೆಲು, ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಎಬ್ಬಿಸಿ ಜೆಸಿಬಿ ಬಿಟ್ಟರು. ಮಂಟಪಗಳಿಗೆ ಗೋಡೆ ಕಟ್ಟಿ ಕೆಡಿಸಿದ್ದರು ಎನ್ನುವುದು ನಿಜ. ಈಗ ಬೀದಿ ಸ್ವಚ್ಛವಾಗಿದೆ, ಫೋಟೋಗೆ ಚೆನ್ನಾಗಿ ಬರುತ್ತದೆ. ಆದರೆ ವಿರೂಪಾಕ್ಷನ ಎದುರಿನ ಬಜಾರಿನಲ್ಲಿ ಬಜಾರೇ ಇಲ್ಲ.

ಇದಕ್ಕಿಂತ ಬೇರೆ ಬಗೆಯ ಕಾನೂನು ಇದೆ. 1931ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ಎಂಬ ಊರು ತನ್ನ ಹಳೆಯ ಕೇರಿಗಳ ಸುತ್ತ ಒಂದು ಗೆರೆ ಎಳೆದು, ಇದಿಷ್ಟೂ ಐತಿಹಾಸಿಕ ಪ್ರದೇಶ ಎಂದು ಘೋಷಿಸಿತು. ಕಾರಣ ಕೇಳಿದರೆ ನಗು ಬರುತ್ತದೆ: ಕಾರುಗಳು ಹೆಚ್ಚಾಗಿ ಹಳೆಯ ಮನೆಗಳನ್ನು ಕೆಡವಿ ಪೆಟ್ರೋಲ್ ಬಂಕ್ ಮಾಡುತ್ತಿದ್ದರು. ಗೆರೆಯೊಳಗಿನ ಮನೆ ಮಾಲೀಕರದ್ದೇ. ಮಾರಬಹುದು, ಬಾಡಿಗೆಗೆ ಕೊಡಬಹುದು, ಒಳಗೆ ಬೇಕಾದ್ದು ಮಾಡಿಕೊಳ್ಳಬಹುದು. ಬೀದಿಯಿಂದ ಕಾಣುವ ಭಾಗವನ್ನು ಬದಲಿಸಬೇಕಾದರೆ ಮಾತ್ರ ಊರಿನದೇ ಒಂದು ಮಂಡಳಿಯನ್ನು ಕೇಳಬೇಕು. ಈ ಏರ್ಪಾಟು ನನಗೆ ಹಿಡಿಸಿದ್ದು ಅದರ ಮಿತಿಗಾಗಿ. ಅದು ಮನೆಯೊಳಗೆ ಕಾಲಿಡುವುದಿಲ್ಲ. ಆದರೆ ಅಲ್ಲಿಯ ಕತೆ ಸುಖಾಂತ್ಯವೇನಲ್ಲ. ಕೇರಿ ಚಂದವಾದ ಮೇಲೆ ಬೆಲೆ ಏರಿತು; ಆ ಮನೆಗಳಲ್ಲಿ ಬಾಡಿಗೆಗಿದ್ದ ಬಡ ಕಪ್ಪುಜನ ಒಬ್ಬೊಬ್ಬರಾಗಿ ಹೊರಗೆ ಹೋದರು.

ನಮ್ಮಲ್ಲಿ ಈ ದಾರಿಯಲ್ಲಿ ಮೊದಲು ಹೊರಟದ್ದು ಮುಂಬೈ, 1995ರಲ್ಲಿ. ಕರ್ನಾಟಕದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಪಾರಂಪರಿಕ ಕಟ್ಟಡದ ಜೊತೆಗೆ ಪಾರಂಪರಿಕ ಪ್ರದೇಶ ಎಂಬ ವ್ಯಾಖ್ಯೆ ಇದೆ. ಯೋಜನಾ ಪ್ರಾಧಿಕಾರ ಹಾಗೆಂದು ಘೋಷಿಸಬಹುದು. ಕ್ಯಾಸಂಬಳ್ಳಿಯಂಥ ಹಳ್ಳಿಯ ಓಣಿಯವರೆಗೆ ಅದು ಯಾವಾಗ ನಡೆದು ಬಂದೀತು ಎಂದು ಕೇಳಬೇಡಿ. ನನಗೆ ಹೆಚ್ಚು ಹತ್ತಿರವೆನಿಸಿದ್ದು ಪುದುಚೇರಿ. ಅಲ್ಲಿ ಫ್ರೆಂಚರ ಬಿಳಿ ಊರನ್ನು ಎಲ್ಲರೂ ನೋಡುತ್ತಾರೆ. ಕಾಲುವೆಯ ಈಚೆಗಿನ ತಮಿಳು ಊರಿನಲ್ಲಿ ವೈಶ್ಯಾಳ್ ಬೀದಿ ಎಂದೊಂದು ಇದೆ. ಮನೆಗಳ ಮುಂದೆ ತಿಣ್ಣೆ, ಅದರ ಮುಂದೆ ದಾರಿಹೋಕರಿಗೆಂದೇ ಕಂಬ ನಿಲ್ಲಿಸಿ ಇಳಿಸಿದ ಮಾಡು. ಇಂಟಾಕ್‌ನವರು ಯುರೋಪಿನ ನೆರವು ತಂದು, ಖರ್ಚಿನ ಒಂದು ಪಾಲನ್ನು ಮನೆಯವರಿಂದಲೇ ಹಾಕಿಸಿ, ಇಡೀ ಸಾಲಿನ ಮುಂಭಾಗವನ್ನು ಸರಿಪಡಿಸಿದರು. ಒಂದು ಮನೆಯನ್ನು ಮಾತ್ರ ಮಾಡಿದ್ದರೆ ಅದು ಹಳೇ ಬಟ್ಟೆಯ ಮೇಲಿನ ಹೊಸ ತೇಪೆಯ ಹಾಗೆ ಕಾಣುತ್ತಿತ್ತು.

ಇಷ್ಟೆಲ್ಲ ಓದಿಕೊಂಡು ನಾನು ನೋಡಲು ಹೋದದ್ದು ಕೆಜಿಎಫ್. ಹೈಸ್ಕೂಲು ಓದಿದ್ದು ರಾಬರ್ಟ್‌ಸನ್‌ಪೇಟೆಯಲ್ಲಿ, ಆದ್ದರಿಂದ ಅದು ನನಗೆ ಹೊಸ ಊರೇನಲ್ಲ. ಸಿನಿಮಾದ ಕೆಜಿಎಫ್ ಮರೆತುಬಿಡಿ. 1880ರಿಂದ ಜಾನ್ ಟೇಲರ್ ಕಂಪನಿ, 1956ರಿಂದ ಸರಕಾರ, ಕೊನೆಗೆ ಬಿಜಿಎಂಎಲ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವಷ್ಟರಲ್ಲಿ ಸುಮಾರು 800 ಟನ್ ಚಿನ್ನ, 3 ಕಿಲೋಮೀಟರಿಗೂ ಮೀರಿದ ಆಳ. ನೆಲದ ಮೇಲೆ ಎರಡು ಬಗೆಯ ಮನೆ. ಅಧಿಕಾರಿಗಳಿಗೆ ವರಾಂಡ, ಚಿಮಣಿ, ತೋಟ ಇರುವ ಬಂಗಲೆಗಳು. ಕಾರ್ಮಿಕರಿಗೆ ಲೈನ್ ಮನೆಗಳು. ಮೊದಲು ಬಿದಿರಿನ ತಟ್ಟಿಯವು, ಆಮೇಲೆ ಶೀಟು ಹೊದೆಸಿದವು, ಒಂದಕ್ಕೊಂದು ಅಂಟಿಕೊಂಡ ಒಂದೊಂದು ಕೋಣೆ. ಕೆಳಗೆ ಬಂಡೆ ಸಿಡಿದರೆ ಮೇಲೆ ಪಾತ್ರೆ ಅಲ್ಲಾಡುತ್ತಿತ್ತು, ಗೋಡೆ ಬಿರುಕು ಬಿಡುತ್ತಿತ್ತು. ಬೇಸಿಗೆಯ ಗಾಳಿಗೆ ಸಯನೈಡ್ ಗುಡ್ಡದ ಬೂದುಬಣ್ಣದ ಪುಡಿ ಅನ್ನದ ತಟ್ಟೆಗೂ ಬರುತ್ತಿತ್ತು.

ಕೆಜಿಎಫ್ ಬಗ್ಗೆ ಪರಂಪರೆ ಎಂದು ಮಾತಾಡುವವರ ಫೋಟೋಗಳಲ್ಲಿ ಬಂಗಲೆ, ಕ್ಲಬ್ಬು, ಚರ್ಚು ಇರುತ್ತವೆ. ಇಂಗ್ಲೆಂಡಿನಿಂದ ಕಿತ್ತು ತಂದ ಊರಿನ ಹಾಗಿತ್ತಂತೆ ಎಂಬ ಮಾತು ಜೊತೆಗೆ. ಲೈನ್‌ಗಳನ್ನು ಯಾರೂ ಚೌಕಟ್ಟಿಗೆ ಸೇರಿಸುವುದಿಲ್ಲ. ಆದರೆ ಆ 800 ಟನ್ ಮೇಲೆ ಬಂದದ್ದು ಯಾವ ಮನೆಯಿಂದ ಬೆಳಗಿನ ಪಾಳಿಗೆ ಹೊರಟವರಿಂದ? ಬಂಗಲೆಯೊಂದನ್ನೇ ಉಳಿಸಿದರೆ, ಇಲ್ಲಿ ಕೆಲವರು ಟೆನಿಸ್ ಆಡಿಕೊಂಡಿದ್ದರು ಎಂಬುದಷ್ಟೇ ನೂರು ವರ್ಷದ ನಂತರದ ಮಕ್ಕಳಿಗೆ ಗೊತ್ತಾಗುತ್ತದೆ. ಬಂಗಲೆಯನ್ನೂ ಲೈನನ್ನೂ ನಡುವಿನ ದಾರಿಯನ್ನೂ ಒಂದೇ ಗೆರೆಯೊಳಗೆ ತಂದರೆ ಮಾತ್ರ ಅದು ಕೆಜಿಎಫ್.

ಈ ಮಾತನ್ನು ಚಾಂಪಿಯನ್ ರೀಫ್‌ನ ಲೈನಿನಲ್ಲಿ ಇನ್ನೂ ಇರುವ ನನ್ನ ಹೈಸ್ಕೂಲು ಗೆಳತಿಯ ಹತ್ತಿರ ಬಹಳ ಉತ್ಸಾಹದಿಂದ ಹೇಳಿದೆ. ಅವಳ ತಾತ ಉತ್ತರ ಆರ್ಕಾಟಿನಿಂದ ಬಂದವರು, ಅಪ್ಪ ಗಣಿಯೊಳಗೆ ಇಳಿದವರು. ಅವಳು ಟೀ ಸೋಸುತ್ತಾ ನಕ್ಕಳು. "ಲೈನ್ ಮನೆ ಕಾಪಾಡ್ತೀಯಾ? ಮೂರು ತಲೆಮಾರು ಇದರಲ್ಲೇ ಬದುಕಿದ್ದೀವಿ, ಇದು ನಮ್ಮ ಹೆಸರಲ್ಲಿಲ್ಲ. ನಮ್ಮದಲ್ಲದ್ದನ್ನ ನಾವೇನು ಕಾಪಾಡೋದು? ಮೊದ್ಲು ಹಕ್ಕುಪತ್ರ ಕೊಡ್ಸು, ಆಮೇಲೆ ನಿನ್ನ ಬೋರ್ಡು ಹಾಕು." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದಳು. "ಅಪ್ಪನಿಗೆ ಈ ಮನೆ ಕಂಡ್ರೆ ಸಿಟ್ಟು. ತಲೆ ಎತ್ತಿ ನಿಲ್ಲೋಕಾಗ್ದೇ ಇರೋ ಥರ ಕಟ್ಟಿದ್ದಾರೆ ನೋಡು ಅಂತಿದ್ರು. ಅದನ್ನೂ ಬೋರ್ಡಲ್ಲಿ ಬರೀತೀಯಾ?"

ಕೆಜಿಎಫ್‌ನಲ್ಲಿ ತೊಡಕು ಅದೇ. ನೆಲ ಕಂಪನಿಯದು, ವಾಸ ಜನರದು. ಆ ಜಮೀನಿನಲ್ಲಿ ಕೈಗಾರಿಕಾ ಪಾರ್ಕು ಬರುತ್ತದೆ ಎಂಬ ಮಾತೂ ಇದೆ. ಮಾಲೀಕನೇ ಅಲ್ಲದವನ ಮೇಲೆ ಕೆಡವಬೇಡ ಎಂಬ ನಿಯಮ ಹೇರಿದರೆ ಅದು ಹೊಸ ಬಗೆಯ ಲೈನ್ ಮನೆಯಾಗುತ್ತದೆ. ಅಲ್ಲಿ ಸಂರಕ್ಷಣೆ ಶುರುವಾಗಬೇಕಾದ್ದು ಹಕ್ಕುಪತ್ರದಿಂದ, ಸುಣ್ಣ ಬಣ್ಣದಿಂದಲ್ಲ. ಚಾರ್ಲ್ಸ್‌ಟನ್ನಿನ ಬಾಡಿಗೆದಾರರಿಗೆ ಆದದ್ದನ್ನು ಓದಿದ ಮೇಲೆ ನನಗೆ ಇದರಲ್ಲಿ ಸಂಶಯ ಉಳಿದಿಲ್ಲ.

ಕ್ಯಾಸಂಬಳ್ಳಿಯಲ್ಲಿ ತೊಡಕು ಇದರ ತಿರುಗುಮುರುಗು. ಇಲ್ಲಿ ಎಲ್ಲರೂ ಮಾಲೀಕರೇ. ನಮ್ಮ ಮನೆ ಅಜ್ಜನ ಹೆಸರಿನಲ್ಲಿತ್ತು, ಅಲ್ಲಿಂದ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪನಿಗೆ. ಮೂವರೂ ಈಗಿಲ್ಲ. ಮನೆಯಲ್ಲಿ ಇರುವುದು ದೊಡ್ಡಪ್ಪನ ಮಗ, ಅತ್ತಿಗೆ, ಅವರ ಇಬ್ಬರು ಮಕ್ಕಳು. ನಾನು ಬೆಂಗಳೂರಿನಲ್ಲಿ ಕಾಲೇಜು ಮೇಷ್ಟರಮ್ಮ. ಹೋದ ವರ್ಷ ಅಣ್ಣ ಫೋನ್ ಮಾಡಿ, ಹಳೆಯದನ್ನು ಕೆಡವಿ ಮೋಲ್ಡ್ ಹಾಕಿಸುತ್ತೇನೆ, ಭಾಗಪತ್ರಕ್ಕೆ ನಿನ್ನ ಸಹಿ ಬೇಕು, ಒಂದು ದಿನ ಬಂದು ಹೋಗು ಎಂದ. ನಮ್ಮ ಕಡೆ ಅಕ್ಕತಂಗಿಯರು ಅರಿಶಿನ ಕುಂಕುಮಕ್ಕೆ ಸೀರೆ ತೆಗೆದುಕೊಂಡು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬರುವುದು ವಾಡಿಕೆ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳ ಸಹಿಗೆ ಬೆಲೆ ಬಂದಿದೆ ಎನ್ನುತ್ತಾರೆ. ನನ್ನ ಕೈಯಲ್ಲಿದ್ದದ್ದು ಆ ಒಂದು ಸಹಿ. ಊರಿನ ಒಂದು ಹಳೆಯ ಮನೆಯ ಮಟ್ಟಿಗೆ, ಕಾನೂನಿನ ಕಣ್ಣಿನಲ್ಲಿ ಸಂರಕ್ಷಣಾ ಮಂಡಳಿ ಎಂದರೆ ನಾನೊಬ್ಬಳೇ.

ಇ-ಖಾತೆಗೆ ಕೊಟ್ಟ ಕಾಗದಗಳನ್ನು ಅಣ್ಣ ತೋರಿಸಿದ. ಉದ್ದ, ಅಗಲ, ಚಕ್ಕುಬಂದಿ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ರಸ್ತೆ. ಒಂದು ಮನೆಯನ್ನು ಅದರ ಅಕ್ಕಪಕ್ಕದವರ ಮೂಲಕ ಗುರುತಿಸುವ ಈ ಹಳೆಯ ಪದ್ಧತಿ ಎಷ್ಟು ಸರಿಯಾಗಿದೆ ಎಂದು ಅನ್ನಿಸಿತು. ನಾವು ಉಳಿಸುವ ಮಾತಾಡುವಾಗ ಮಾತ್ರ ಚಕ್ಕುಬಂದಿಯನ್ನು ಮರೆಯುತ್ತೇವೆ.

ನಮ್ಮ ಮನೆ ಮಾತು ತೆಲುಗು. ಸಿಟ್ಟು ಬಂದರೆ ಅಣ್ಣ ಕನ್ನಡಕ್ಕೆ ಹೊರಳುತ್ತಾನೆ, ಕಚೇರಿ ವ್ಯವಹಾರದ ಭಾಷೆ ಅದು. ಜಗಲಿ, ಪಡಸಾಲೆ, ತೊಟ್ಟಿ ಹಾಗೇ ಇಟ್ಟು ಹಿತ್ತಲ ಕಡೆ ಹೊಸದು ಕಟ್ಟು, ಹೆಂಚು ಬದಲಿಸುವ ಖರ್ಚಿನಲ್ಲಿ ಅರ್ಧ ನನ್ನದು, ಹಾಗಾದರೆ ನನ್ನ ಪಾಲನ್ನು ನಿನಗೇ ಬರೆದುಕೊಡುತ್ತೇನೆ ಎಂದಾಗ ಕನ್ನಡಕ್ಕೆ ಬಂದ. "ನೋಡಮ್ಮಾ, ನೀನು ವರ್ಷಕ್ಕೆ ಎರಡು ದಿನ ಬಂದು ತೊಟ್ಟೀಲಿ ಕೂತ್ಕೊಂಡು ಫೋಟೋ ತೆಗೆಸ್ಕೊಂಡು ಹೋಗ್ತೀಯ. ಮಳೇಲಿ ಎದ್ದು ಪಾತ್ರೆ ಇಡೋಳು ನಿಮ್ಮತ್ತಿಗೆ. ಹಾವು ಬಂದ್ರೆ ಹಿಡಿಯೋನು ನಾನು." ಇದಕ್ಕೆ ಉತ್ತರ ನನ್ನಲ್ಲಿರಲಿಲ್ಲ, ಈಗಲೂ ಇಲ್ಲ.

ಆದರೆ ಮನೆಯ ಪರವಾಗಿ ಮಾತಾಡಿದ್ದು ಅನಿರೀಕ್ಷಿತವಾಗಿ ಅತ್ತಿಗೆ. "ಹುಳ ಎಲ್ಲಿ ಸಾಕೋದು?" ಎಂದಳು. ಪಡಸಾಲೆಯ ಗೋಡೆಗೆ ಚಂದ್ರಿಕೆಗಳನ್ನು ಒರಗಿಸಿ, ಒಳಕೋಣೆಯಲ್ಲಿ ತಟ್ಟೆ ಜೋಡಿಸಿ ಅವರು ವರ್ಷಕ್ಕೆ ಐದಾರು ಬೆಳೆ ರೇಷ್ಮೆ ತೆಗೆಯುತ್ತಾರೆ. ರೇಷ್ಮೆಹುಳಕ್ಕೆ 24ರಿಂದ 28 ಡಿಗ್ರಿ ಬೇಕು. ಏಪ್ರಿಲಿನಲ್ಲಿ ಎದುರುಮನೆಯ ಮೋಲ್ಡ್ ಕೆಳಗೆ ಮನುಷ್ಯರೇ ಮಲಗಲಾರರು. ಮಣ್ಣಿನ ಗೋಡೆಯ ಒಳಗೆ ಗೋಣಿತಾಟು ಒದ್ದೆ ಮಾಡಿ ತೂಗುಹಾಕಿದರೆ ಸಾಕು. "ಬೇರೆ ಹುಳದ ಮನೆ ಕಟ್ಟೋಕೆ ಸಬ್ಸಿಡಿ ಐತೆ" ಎಂದ ಅಣ್ಣ. "ಜಾಗ ಎಲ್ಲೈತೆ?" ಎಂದಳು ಅತ್ತಿಗೆ.

ಆ ದಿನ ಅಣ್ಣ ಕೊನೆಗೆ ಹೇಳಿದ ಮಾತು ನನ್ನನ್ನು ಈ ಬರಹಕ್ಕೆ ತಂದದ್ದು. ಈ ಸಲ ತೆಲುಗಿನಲ್ಲೇ ಹೇಳಿದ. ಸರಿ, ನಿನಗೋಸ್ಕರ ಇಟ್ಟುಕೊಂಡೆ ಅನ್ನು. ಎಡಗಡೆಯವರು ಕೆಡವಿದರೆ ನಮ್ಮ ಗೋಡೆ ನಿಲ್ಲುತ್ತಾ? ರಸ್ತೆ ಇನ್ನೊಂದು ಅಡಿ ಏರಿಸಿದರೆ ನೀರು ಎಲ್ಲಿಗೆ ಹೋಗುತ್ತೆ? ಎಲ್ಲರೂ ಮೋಲ್ಡ್ ಹಾಕಿಕೊಂಡ ಮೇಲೆ ನಾವೊಬ್ಬರು ಹೆಂಚಿನ ಮನೆಯಲ್ಲಿದ್ದರೆ ನನ್ನ ಮಗಳಿಗೆ ಗಂಡು ಯಾರು ಕೊಡುತ್ತಾರೆ? ಪಾರಂಪರಿಕ ಪ್ರದೇಶ ಯಾಕೆ ಬೇಕು ಎಂದು ಇಷ್ಟು ಚೆನ್ನಾಗಿ ವಾದಿಸಿದ್ದನ್ನು ನಾನು ಯಾವ ವರದಿಯಲ್ಲೂ ಓದಿಲ್ಲ. ಒಬ್ಬನೇ ಉಳಿಸಿಕೊಳ್ಳುವುದು ಶಿಕ್ಷೆ. ಎಲ್ಲರೂ ಸೇರಿ ಉಳಿಸಿಕೊಂಡರೆ ಅದೇ ಒಂದು ಅಂತಸ್ತು.

ಹಾಗಾಗಿ ಯುಗಾದಿಗೆ ಹೋದವಳು ನಾಲ್ಕು ದಿನ ಹೆಚ್ಚಿಗೆ ಇದ್ದು ಬೀದಿಯ ಮನೆಮನೆಗೂ ಹೋದೆ. 11ರಲ್ಲಿ ಜಗಲಿ ಇರುವುದು ಈಗ 6. ಮೂರು ಮೋಲ್ಡ್ ಮನೆ, ಎರಡು ಬರೀ ನಿವೇಶನ, ಮುಳ್ಳು ಬೆಳೆದಿದೆ. ಎಕ್ಸ್‌ಪ್ರೆಸ್ ವೇ ಬಂದ ಮೇಲೆ ನಮ್ಮ ತಾಲ್ಲೂಕಿನ ಜಮೀನಿಗೆ ಬೆಲೆ ಬಂದಿದೆ, ಆ ನಿವೇಶನ ಕೇಳಿಕೊಂಡು ಹೊಸಕೋಟೆಯಿಂದೆಲ್ಲ ಬರುತ್ತಾರಂತೆ. ಮೂಲೆಮನೆಯ ಹುಡುಗನಿಗೆ ಜಗಲಿ ಒಡೆದು ಷಟರ್ ಹಾಕಿ ಮೊಬೈಲ್ ಅಂಗಡಿ ಇಡಬೇಕಿದೆ. ಜಗಲಿಯ ಮೇಲೇ ಅಂಗಡಿ ಇಡು, ಒಡೆಯುವುದು ಯಾಕೆ ಎಂದರೆ ಯೋಚಿಸುತ್ತೇನೆ ಎಂದ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಎಲ್ಲ ಕೇಳಿಸಿಕೊಂಡು, "ಹೆಂಚಿಗೆ ಎಷ್ಟು ಕೊಡ್ತಾರೆ?" ಎಂದು ಕೇಳಿದರು. ಯಾರು ಕೊಡ್ತಾರೆ ಎಂದು ಕೂಡ ಕೇಳಲಿಲ್ಲ, ಎಷ್ಟು ಎಂದರು. ವೈಶ್ಯಾಳ್ ಬೀದಿಯಲ್ಲಿ ಕೆಲಸ ಮಾಡಿದವರಿಗೂ ಮೊದಲ ದಿನ ಇದೇ ಪ್ರಶ್ನೆ ಎದುರಾಗಿರಬೇಕು. ಸದ್ಯ ಯಾರೂ ಕೊಡುವುದಿಲ್ಲ ಅಜ್ಜೀ ಎಂದೆ. "ಮತ್ತೆ ಇಷ್ಟೊತ್ತು ಏನ್ ಮಾತಾಡ್ದೆ?" ಎಂದು ಹುಣಸೆಬೀಜದ ಮೊರ ಎಳೆದುಕೊಂಡರು.

ಗ್ರಾಮ ಪಂಚಾಯತಿ ನಮ್ಮ ಬೀದಿಯನ್ನು ಪಾರಂಪರಿಕ ಎಂದು ಘೋಷಿಸಲಾರದು. ಆದರೆ ರಸ್ತೆ ಅದರ ಕೈಯಲ್ಲಿದೆ. ಮುಂದಿನ ಸಲ ಕಾಂಕ್ರೀಟು ಹಾಕುವ ಮೊದಲು ಹಳೆಯದನ್ನು ಅಗೆದು ತೆಗೆದು, ಬೀದಿಯನ್ನು ಕಡೇಪಕ್ಷ ಎರಡು ಮೆಟ್ಟಿಲು ಇಳಿಸಿ, ಎರಡೂ ಕಡೆ ಚರಂಡಿ ಕೊಡಿ ಎಂದು ಒಂದು ಅರ್ಜಿ ಬರೆದೆ. ಕೆಡವುವವರು ಪಕ್ಕದವರಿಗೆ ತಿಂಗಳ ಮುಂಚೆ ಹೇಳಿ, ಜಂಟಿ ಗೋಡೆಗೆ ಆಸರೆ ಕೊಟ್ಟು ಕೆಡವಬೇಕು ಎಂಬುದನ್ನು ಬೀದಿಯವರೇ ಬಾಯಿಮಾತಿನಲ್ಲಿ ಒಪ್ಪಿಕೊಂಡರು. ಪರಂಪರೆ ಎಂಬ ಪದ ಅರ್ಜಿಯಲ್ಲಿ ಎಲ್ಲೂ ಇಲ್ಲ. ಮೋಲ್ಡ್ ಮನೆಯವರೂ ಸಹಿ ಹಾಕಿದರು, ನೀರು ಅವರ ಮನೆಗೂ ನುಗ್ಗುತ್ತದೆ. ಷಟರ್ ಹುಡುಗ ಹಾಕಿದ. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಒಟ್ಟು 7 ಆಗಿದೆ, ಮುಂದಿನ ಗ್ರಾಮಸಭೆಗೆ ಕೊಡಬೇಕು.

ನಮ್ಮ ಮನೆಯ ಜಾಗದಲ್ಲಿ ಸಹಿ ಇನ್ನೂ ಖಾಲಿ. ಭಾಗಪತ್ರವೂ ಹಾಗೇ ಇದೆ. ಮೊನ್ನೆ ಫೋನ್ ಮಾಡಿ ಕೇಳಿದ್ದಕ್ಕೆ ಅಣ್ಣ, ಹುಳ ನಾಲ್ಕನೇ ಜ್ವರ ಎದ್ದಿದೆ, ಸೊಪ್ಪು ಹಾಕೋಕೇ ಕೈ ಸಾಲದು, ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿ ಬರುತ್ತೇನೆ, ಎರಡರ ಮಾತೂ ಆಮೇಲೆ ಎಂದಿದ್ದಾನೆ.